ಬಾಲಚಂದ್ರನ ಹೆಸರಿನ ಮೇಲ್

ಪ್ರೀತಿಯ ಬಾಲು,

ನೀನು ತೀರಿಕೊಂಡು ವರ್ಷವಾಗುತ್ತಾ ಬಂತು. ಆದರೂ ನಿನ್ನ ಹೆಸರಿನಲ್ಲಿ ಎಲ್ಲರಿಗೂ ಮೇಲ್ ಬರುತ್ತಲೇ ಇತ್ತು. ಸಕ್ಕರೆ ಕಾಯಿಲೆಯ ಮಾತ್ರೆ, ಇಲ್ಲದ ಬಹುಮಾನ, ಕೂದಲು ಬೆಳೆಸುವ ಎಣ್ಣೆ. ಬೋಳುತಲೆಯ ನೀನು ಲೋಕಕ್ಕೆಲ್ಲ ಎಣ್ಣೆ ಮಾರುತ್ತಿದ್ದೀಯಲ್ಲ ಎಂದು ಮೊದಲು ನಗುವೇ ಬಂತು.

ತಪ್ಪು ನಿನ್ನದೇ ಕಣೋ. ವಿಶಾಖಪಟ್ಟಣದ ಈ ಶಿಪ್ಪಿಂಗ್ ಆಫೀಸಿಗೆ ಮೇಲ್ ಸರ್ವರ್ ಕಟ್ಟಿದವನು ನೀನು. ಬಂದರಿನಿಂದ ಹಡಗಿನ ಕಾಗದ ಸ್ಕ್ಯಾನ್ ಮಾಡಿ ಕಳಿಸುವವರಿಗೆ ಪಾಸ್‌ವರ್ಡೇ ಬೇಡವೆಂದು ಬಿಟ್ಟೆ. "ಪಾಪ, ಆ ಬಿಸಿಲಲ್ಲಿ ನಿಂತು ಪಾಸ್‌ವರ್ಡ್ ಹೊಡೀಬೇಕೇನೋ? ಬಾಗಿಲು ತೆಗೆದಿರ್ಲಿ ಬಿಡು" ಎಂದಿದ್ದೆ ನೀನು. ಯಾವುದೋ ದೇಶದ ಕಳ್ಳರು ಆ ಬಾಗಿಲು ಕಂಡುಕೊಂಡರು. ನಮ್ಮ ಸರ್ವರ್ ಮೂಲಕವೇ, ನಿನ್ನ ಹೆಸರು ಹಚ್ಚಿ, ಕಸ ಕಳಿಸತೊಡಗಿದರು. ಕೊನೆಗೆ ನಮ್ಮ ಆಫೀಸಿನ ಮೇಲನ್ನೇ ಹಡಗು ಕಂಪನಿಗಳು ಒಳಗೆ ಬಿಟ್ಟುಕೊಳ್ಳದಂತಾಯಿತು. ಹಡಗು ಬಂದು ನಿಂತಿರುತ್ತಿತ್ತು, ಕಾಗದ ತಲುಪುತ್ತಿರಲಿಲ್ಲ. ಈಗ ನಿನ್ನ ಕೆಲಸ ನೋಡಿಕೊಳ್ಳುವ ನನಗೆ ಮಾಲೀಕರಾದ ಬಾಬ್ಜಿಗಾರು ಆ ಬಾಗಿಲು ಕೂಡಲೇ ಮುಚ್ಚಿ ಎಂದರು.

ಮುಚ್ಚುವ ಮೊದಲು ವಿಜಯವಾಡಕ್ಕೆ ಹೋಗಿದ್ದೆ. ಪಟಮಟದ ನಿಮ್ಮ ಮನೆಯಲ್ಲಿ ಕಮಲಾಕ್ಷಿ ಅತ್ತಿಗೆ ಬ್ಯಾಂಕಿಗೆ ಹೊರಡುತ್ತಿದ್ದರು. ನಿನ್ನ ಹೆಸರಿನ ಮೇಲ್ ನಂಬಬೇಡಿ, ಇನ್ನು ಬರುವುದೂ ಇಲ್ಲ ಎಂದೆ.

"ನಾನೂ ಬ್ಯಾಂಕಿನವಳೇ ಅಲ್ವಾ ನಂದೀಶ್, ಮೋಸದ ಮೇಲ್ ಗೊತ್ತಾಗಲ್ವಾ? ತೆರೆಯೋದೇ ಇಲ್ಲ. ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಅವರ ಹೆಸರಿರುತ್ತೆ, ಅಷ್ಟೇ. ಅದೊಂದು ಬರೋ ಹಾಗೆ ಬಿಡೋಕೆ ಆಗಲ್ವಾ?"

ನಿನ್ನ ಮಗಳು ಮೇಧಾ ಅಮ್ಮನ ಫೋನಿಗೆ ಇಣುಕಿ "ನಾನ್ನ ಮೆಯಿಲ್ ವಚ್ಚಿಂದಾ?" ಎಂದಳು, ಅಪ್ಪನ ಮೇಲ್ ಬಂತಾ ಅಂತ. ಅಪ್ಪ ಎನ್ನುವ ಮಾತೂ ಅವಳಿಗೆ ಈಗ ತೆಲುಗಿನಲ್ಲೇ ಬರುತ್ತದೆ.

ಕಳ್ಳರಿಗೊಂದು, ಅತ್ತಿಗೆಗೊಂದು ಬಾಗಿಲು ಇಡಲು ಬರುವುದಿಲ್ಲ ಬಾಲು. ಹಿಂತಿರುಗಿ ಬಂದು ಮುಚ್ಚಿದೆ. ಪಾಸ್‌ವರ್ಡ್ ಇಲ್ಲದವರ ಮೇಲ್ ಸಾಗಿಸಬಾರದೆಂದು ಸರ್ವರ್‌ಗೆ ಕಟ್ಟಪ್ಪಣೆ ಮಾಡಿದೆ. ನಮ್ಮ ವಿಳಾಸ ಹೊತ್ತು ಬೇರೆಲ್ಲಿಂದಲೋ ಬಂದದ್ದನ್ನು ಒಳಗೆ ಬಿಡಬೇಡಿ ಎಂದು ಹೊರಗಿನವರಿಗೂ ಸಾರಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಬಂದರಿನವರು ಬಿಸಿಲಲ್ಲಿ ಪಾಸ್‌ವರ್ಡ್ ಹೊಡೆಯುತ್ತಾ ನನ್ನನ್ನು ಬೈಯುತ್ತಿದ್ದಾರೆ.

ಮರುದಿನ ಬೆಳಿಗ್ಗೆ ನಿನ್ನ ವಿಳಾಸಕ್ಕೆ ಅತ್ತಿಗೆಯಿಂದ ಒಂದು ಮೇಲ್ ಬಂತು. ನಿನಗೆ ಬಂದದ್ದೆಲ್ಲ ಈಗ ನನ್ನ ಕಣ್ಣಿಗೆ ಬೀಳುತ್ತದೆ. "ಇವತ್ತು ಯಾಕೆ ಬರಲಿಲ್ಲ?" ಎಂದಷ್ಟೇ ಬರೆದಿದ್ದರು. ಇವತ್ತೂ ಬರೆದಿದ್ದಾರೆ.

ನಿನ್ನ ವಿಳಾಸವನ್ನೂ ಅಳಿಸಲು ಬಾಬ್ಜಿಗಾರು ಹೇಳಿದ್ದಾರೆ. ಮಧ್ಯಾಹ್ನ ಅಳಿಸುತ್ತೇನೆ. ನಾಳೆ ಅತ್ತಿಗೆ ಬರೆದರೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಸರ್ವರ್ ತಾನೇ ಉತ್ತರ ಕಳಿಸುತ್ತದೆ. ಅದರೊಳಗೆ ನಿನ್ನ ಹೆಸರಿರುತ್ತದೆ.

ನೀನಾದರೂ ನೆಮ್ಮದಿಯಾಗಿರು, ಗೆಳೆಯ.

ನಿನ್ನ ಬಾಗಿಲು ಮುಚ್ಚಿದವನು,
ನಂದೀಶ್