ಹಾಡಿನ ಹಲಗೆಯ ಅಂಕಿಗಳು

೪ ಮಾರ್ಚ್ ೧೯೭೯, ರವಿವಾರ. ಮಧ್ಯಾಹ್ನ

ಆದಾಮನ ಪಾಪ ಜಗತ್ತಿನಲ್ಲಿ ಎಲ್ಲರಿಗೂ ತಗುಲಿದೆ, ನನ್ನೊಬ್ಬನನ್ನು ಬಿಟ್ಟು. ಇಂದು ಇದನ್ನು ಪಾದ್ರಿ ಅಯ್ಯನವರ ಮುಂದೆಯೇ ಹೇಳಿದೆ. ಚರ್ಚಿನ ಮೆಟ್ಟಿಲ ಮೇಲೆ, ಹತ್ತು ಜನ ಕೇಳುವಂತೆ. ಆ ತೋಟದಲ್ಲಿ ಆದಾಮನ ಬದಲು ನಾನು, ಬೆಟಗೇರಿಯ ಯಾಕೋಬಪ್ಪ, ಇದ್ದಿದ್ದರೆ ಹಣ್ಣನ್ನು ಸರ್ಪಕ್ಕೇ ತಿನ್ನಿಸಿ ಬೇಲಿ ದಾಟಿಸುತ್ತಿದ್ದೆ. ಜನ ನಕ್ಕರು. ಅಯ್ಯನವರು ನಗಲಿಲ್ಲ. ಮಂಗಳೂರು ಕಡೆಯವರು — ಪುಸ್ತಕ ಓದಿದ ಹಾಗೆ ಮಾತಾಡುತ್ತಾರೆ. "ಯಾಕೋಬಪ್ಪನವರೇ, ಆ ಮರ ಇನ್ನೂ ಹಣ್ಣು ಬಿಡುತ್ತಲೇ ಇದೆ" ಎಂದರು. ನನ್ನ ಕಡೆ ನೋಡಿಯೇ ಅಂದರು. ಯಾರೋ ಏನೋ ಚಾಡಿ ಹೇಳಿದ್ದಾರೆ.

ಉಪವಾಸದ ಡಬ್ಬಿ ಈ ವರ್ಷವೂ ನನ್ನ ಮನೆಗೇ ಬಂತು. ಸಭೆಯ ಹಿರಿಯ ನಾನು, ಇನ್ನೆಲ್ಲಿಗೆ ಹೋದೀತು. ಶುಭ ಶುಕ್ರವಾರದ ತನಕ ಪ್ರತಿ ಮನೆಯವರೂ ವಾರಕ್ಕೊಂದು ಊಟ ಬಿಟ್ಟು ಅದರ ಹಣ ಹಾಕುತ್ತಾರೆ — ಬಡ ರೋಗಿಗಳ ಗಂಜಿಗೆ. ಕೀಲಿಕೈ ಗೋಡೆಯ ಮೊಳೆಗೆ. ಮನೆಯಲ್ಲಿರುವುದು ನಾನು, ಮಗ್ಗ, ತೀರಿಹೋದ ಅಣ್ಣನ ಮಗಳು ಕೃಪಾ. ಅಷ್ಟೇ.

೧೩ ಮಾರ್ಚ್, ಮಂಗಳವಾರ

ಚರ್ಚಿನ ಗೋಡೆಯ ಮೇಲೆ ಹಾಡಿನ ಹಲಗೆ ಇದೆಯಲ್ಲ — ಅಂದಂದು ಹಾಡಬೇಕಾದ ಹಾಡುಗಳ ನಂಬರು ಹಾಕುವುದು — ರವಿವಾರ ಅದರಲ್ಲಿ ಮೊದಲನೆಯದು ೪೭. ನನಗೇ ಕಣ್ಣು ಹೊಡೆದಂತಾಯಿತು. ನಿನ್ನೆ ದ್ಯಾಮಪ್ಪನ ಸೈಕಲ್ ಅಂಗಡಿಗೆ ಹೋದೆ. ಮುಂದೆ ಪಂಕ್ಚರ್ ಕೆಲಸ, ಹಿಂದೆ ಓಸಿ ಜೂಜಿನ ನಂಬರು ಬರೆಯುವ ಕೆಲಸ. ಎರಡೂ ಅಂಕಿ ಹೊಂದಿದರೆ ರೂಪಾಯಿಗೆ ಎಂಬತ್ತು.

"ಚರ್ಚಿನ ನಂಬರ ಹಚ್ಚತೀರೇನ್ರಿ ಕಾಕಾ?"

"ನಂಬರ ನಾ ಆರಿಸಿಲ್ಲಲೇ. ಅಯ್ಯನವರು ಆರಿಸ್ಯಾರ. ಪಾಪ ಬಂದ್ರ ಅವರ ಮನಿಗೆ."

"ರೊಕ್ಕ ಯಾರ ಮನೀದು?"

"ಸುಮ್ನ ಬರೀಲೇ."

ಡಬ್ಬಿಯಿಂದ ಎರಡು ರೂಪಾಯಿ ಕೈಗಡ. ನಂಬರು ಬರಲಿಲ್ಲ. ನಂಬರು, ಹಚ್ಚಿದ ಹಣ ಬರೆದ ಚೀಟಿಯನ್ನು ಹಾಡಿನ ಪುಸ್ತಕದಲ್ಲಿ ೪೭ನೆಯ ಹಾಡಿನ ಪುಟದಲ್ಲೇ ಇಟ್ಟೆ. ಯಾವ ಹಾಡು ಕೈಕೊಟ್ಟಿತು ಎಂಬುದು ತಿಳಿದಿರಬೇಕಲ್ಲ.

೨೭ ಮಾರ್ಚ್, ಮಂಗಳವಾರ. ಸಂಜೆ

ಡಬ್ಬಿ ಎತ್ತಿ ನೋಡಿದೆ. ಹಗುರ. ಇಷ್ಟು ಹಗುರ ಆಗಬಾರದು. ನಾನು ತೆಗೆದದ್ದು ಬಹಳವೆಂದರೆ ಹದಿನೈದು. ಉಳಿದದ್ದು?

ಕೃಪಾ ಇತ್ತೀಚೆಗೆ ಪಕ್ಕದ ಮನೆ ರಹಿಮತಬಿ ಜೊತೆ ಹಿತ್ತಲ ಗೋಡೆ ಹಿಡಿದು ಪಿಸುಗುಟ್ಟುತ್ತಾಳೆ. ನಾನು ಬಂದರೆ ಸುಮ್ಮನಾಗುತ್ತಾರೆ. ಜಡೆಗೆ ನೀಲಿ ರಿಬ್ಬನ್ನು, ಹೊಸದು. ಅವಳಪ್ಪ ನತಾನಪ್ಪ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿ ಕದ್ದು ಜೈಲು ಕಂಡವನು. ನಾನು ಬಾಯಿಬಿಟ್ಟು ಏನೂ ಹೇಳುತ್ತಿಲ್ಲ. ನೆನಪು ಮಾಡಿಕೊಂಡೆ, ಅಷ್ಟೇ.

ಈಗ ಅಯ್ಯನವರು ಬಂದು ಹೋದರು. ಕೃಪಾಳ ನರ್ಸ್ ತರಬೇತಿಯ ಅರ್ಜಿ ಏಪ್ರಿಲ್ ಹದಿನಾರರೊಳಗೆ ಮುಟ್ಟಬೇಕು. ಅದರ ಜೊತೆ ನಡತೆಯ ಬಗ್ಗೆ ಅಯ್ಯನವರ ಪತ್ರ ಇರಲೇಬೇಕು. "ಬರೆಯಲು ಕೂತಿದ್ದೇನೆ. ಹುಡುಗಿಯ ಬಗ್ಗೆ ನೀವೇನು ಹೇಳುತ್ತೀರಿ?" ಎಂದು ಕೇಳಿದರು.

"ಹುಡುಗಿ ಚಲೋ ಅದಾಳ್ರಿ" ಅಂದೆ. "ಆದ್ರ ಡಬ್ಬಿ ಹಗುರ ಆಗೈತಿ. ಆದಾಮಂದು ನಮಗೆಲ್ಲಾ ಬಂದೈತಿ ಅಂತ ನೀವ ಹೇಳೀರಿ. ನತಾನಪ್ಪಂದು ಆಕಿಗೆ ಬಂದಿಲ್ಲ ಅಂತ ನಾ ಹೆಂಗ ಹೇಳಲಿ?"

ಅಯ್ಯನವರು ಡಬ್ಬಿಯನ್ನು ಎತ್ತಿ ನೋಡಿ ಕೆಳಗಿಟ್ಟರು. "ಹುಟ್ಟಿನಿಂದ ಬರುವುದು ಒಲವು, ಯಾಕೋಬಪ್ಪನವರೇ. ಕೈ ಚಾಚುವುದು ಅವರವರ ಇಚ್ಛೆ. ಶುಭ ಶುಕ್ರವಾರ ಡಬ್ಬಿ ತೆರೆಯೋಣ. ಪತ್ರ ಆಮೇಲೆ."

ಅವರು ಎದ್ದಾಗ ಗಮನಿಸಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಯಾವಾಗಲೋ ನಿಂತಿತ್ತು.

೨೮ ಮಾರ್ಚ್. ಬೆಳಿಗ್ಗೆ

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ತಾಟಿಗೆ ರೊಟ್ಟಿ ಹಾಕುತ್ತಾ ಕೇಳಿದಳು.

"ಕಾಕಾ, ಅಪ್ಪ ಕದ್ದ. ಜೈಲಿಗೆ ಹೋಗಿ ಬಂದ. ಅದು ಅಪ್ಪಂದು ಆತು. ಅದರಾಗ ನಂದೇನೈತಿ?"

"ರಕ್ತ ಅಂತ ಒಂದೈತೆವಾ. ನಮ್ಮ ಧರ್ಮದಾಗ ಹಂಗ ಐತಿ."

"ಅಪ್ಪಾನೂ ನೀವೂ ಒಂದ ತಾಯಿ ಮಕ್ಕಳಲ್ಲೇನ್ರಿ?"

ಗೋಡೆಯಾಚೆ ರಹಿಮತಬಿ ಪಾತ್ರೆ ತಿಕ್ಕುತ್ತಿದ್ದಳು. ಕೇಳಿಸಿಕೊಂಡಿದ್ದಾಳೆ, ಅದಕ್ಕೇ ಅಲ್ಲಿಂದಲೇ ಅಂದಳು: "ನಮ್ಮಾಗ ಹುಟ್ಟಿದ ಕೂಸಿನ ಮ್ಯಾಲ ಯಾರ ಪಾಪಾನೂ ಇಲ್ರಿ ಅಣ್ಣಾರ. ತನ್ನ ಕೈಲೆ ಮಾಡಿದ್ದಷ್ಟ ತನ್ನದು."

ಯಾರೂ ಕೇಳಿರಲಿಲ್ಲ ಅವಳನ್ನು. ಇಬ್ಬರೂ ಕೂಡಿಯೇ ಏನೋ ನಡೆಸಿದ್ದಾರೆ.

೯ ಏಪ್ರಿಲ್, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಮಗ್ಗದ ಕೆಲಸ ಹೆಚ್ಚಿತ್ತು... ಹೆಚ್ಚೇನೂ ಇರಲಿಲ್ಲ.

ನಿನ್ನೆ ಚರ್ಚಿನಲ್ಲಿ ಗರಿಗಳ ಹಬ್ಬ. ಹಲಗೆಯಲ್ಲಿ ೮೮. ಇಂಥ ನಂಬರು ಸುಮ್ಮನೆ ಬರುವುದಿಲ್ಲ. ಹೋದದ್ದನ್ನೆಲ್ಲ ಒಂದೇ ಏಟಿಗೆ ಡಬ್ಬಿಗೆ ತುಂಬಿಸಿಬಿಡಬೇಕೆಂದು ಇಂದು ಬೆಳಿಗ್ಗೆಯೇ ಹೋದೆ. ದ್ಯಾಮಪ್ಪ ಟ್ಯೂಬು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಲಿಲ್ಲ.

"ಕಾಕಾ, ಈ ವಾರ ಬಿಡ್ರಿ."

"ಬಿಡಾಕ ನನ್ನ ಕೈಯಾಗ ಏನೈತಿ? ಎಲ್ಲಾ ಮ್ಯಾಲಿನಾಂವ ಬರದದ್ದು."

"ಮ್ಯಾಲಿನಾಂವ ಬರದದ್ದಲ್ರಿ, ನಾ ಬರದದ್ದು. ನೀವು ಹೇಳಿದಂಗ."

ಇವನಿಗೇಕೆ ನನ್ನ ಮೇಲೆ ಇಷ್ಟು ಕನಿಕರ? ನಂಬರು ಬರುತ್ತದೆ ಎಂದು ಗೊತ್ತಿದ್ದೇ ತಪ್ಪಿಸಲು ನೋಡಿದ. ಹಟ ಮಾಡಿ ಬರೆಸಿದೆ. ಬರಲಿಲ್ಲ.

ಒಟ್ಟು ಇಪ್ಪತ್ತು, ಇಪ್ಪತ್ತೈದು ಆಗಿರಬಹುದು ನನ್ನದು. ಉಳಿದದ್ದು ಕೃಪಾಳದೇ.

೧೩ ಏಪ್ರಿಲ್, ಶುಭ ಶುಕ್ರವಾರ. ಬೆಳಿಗ್ಗೆ ಎಂಟು

ಆರಾಧನೆ ಮುಗಿದ ಮೇಲೆ ಎಲ್ಲರೆದುರು ಡಬ್ಬಿ ತೆರೆಯುತ್ತಾರೆ. ಹೊತ್ತು ಒಯ್ಯಬೇಕಾದವನು ನಾನೇ. ಕೋಟು ಹಾಕುತ್ತಿದ್ದಾಗ ಕೃಪಾ ಹಾಡಿನ ಪುಸ್ತಕ ತಂದು ಕೈಗಿಟ್ಟಳು. ಬಿಳಿ ಸೀರೆ ಉಟ್ಟಿದ್ದಳು. ರಿಬ್ಬನ್ನು ಇರಲಿಲ್ಲ.

"ಇವತ್ತಿನ ಹಾಡು ತಗದು ಇಟ್ಟೀನ್ರಿ ಕಾಕಾ. ಒಳಗಿಂದು ಯಾವುದೂ ಸರಿಸಿಲ್ಲ."

ತೆರೆದೆ. ೪೭ರಲ್ಲಿ ಚೀಟಿ. ೧೩ರಲ್ಲಿ ಎರಡು. ೬೨ರಲ್ಲಿ, ೮೮ರಲ್ಲಿ... ಪುಸ್ತಕ ಉಬ್ಬಿ ಮುಚ್ಚಲೂ ಬಾರದಂತಾಗಿದೆ. ಇಷ್ಟು ದಿನ ಕಂಕುಳಲ್ಲಿ ಇಟ್ಟುಕೊಂಡೇ ತಿರುಗಿದ್ದೇನೆ.

"ಯಾವಾಗಿಂದ ಗೊತ್ತೈತಿ ನಿನಗ?"

"ಅಯ್ಯನೋರ ಮುಂದ ನನ್ನ ರಕ್ತದ ಮಾತು ಆಡಿದ್ರಲ್ಲ, ಅದಕ್ಕೂ ಮೊದಲ."

"ಮತ್ತ ಯಾಕ ಹೇಳಲಿಲ್ಲ?"

"ನೀವ ಹೇಳತೀರಿ ಅಂತ."

ಇದರಲ್ಲೂ ಏನೋ ಹೂಟವಿದೆ ಎಂದು ಅವಳ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ. ಏನೂ ಇರಲಿಲ್ಲ.

ಈಗ ಅವಳು ಹೊರಗೆ ಕಟ್ಟೆಯ ಹತ್ತಿರ ನಿಂತಿದ್ದಾಳೆ, ಬೆನ್ನು ಈ ಕಡೆ ಮಾಡಿ. ಬೇಕೆಂದೇ. ಒಲೆಯಲ್ಲಿ ಇನ್ನೂ ಕೆಂಡವಿದೆ. ಚೀಟಿ ಸುಟ್ಟುಹೋಗಲು ಎಷ್ಟು ಹೊತ್ತು? ಅವಳು ಕೂಗಾಡಿದರೂ ಕಳ್ಳನ ಮಗಳ ಮಾತು ಯಾರು ನಂಬುತ್ತಾರೆ? ಪತ್ರ ಇಲ್ಲ, ತರಬೇತಿ ಇಲ್ಲ, ಈ ಮನೆಯಲ್ಲೇ ಜನ್ಮವೆಲ್ಲ ರೊಟ್ಟಿ ಬಡಿದುಕೊಂಡು ಇರುತ್ತಾಳೆ. ನಾನು ಹಿರಿಯನಾಗಿಯೇ ಇರುತ್ತೇನೆ.

ಇಲ್ಲಿ ಹಲಗೆ ಇಲ್ಲ. ದ್ಯಾಮಪ್ಪ ಇಲ್ಲ. ಅಣ್ಣ ಸತ್ತು ಆರು ವರ್ಷ. ಒಲೆ ಇದೆ, ನಾನಿದ್ದೇನೆ.

ಚೀಟಿಗಳನ್ನು ನೆಲದ ಮೇಲೆ ಹರವಿಕೊಂಡು ಕೂಡಿಸಿದೆ. ಮೊದಲು ತಪ್ಪಿತು. ಮತ್ತೆ ಕೂಡಿಸಿದೆ.

ಮೊದಲ ಗಂಟೆ ಆಯಿತು. ಕೃಪಾ ತಿರುಗಿ ನೋಡಲಿಲ್ಲ. ಈ ದಿನಚರಿಯ ವಹಿಯನ್ನು ಜೊತೆಗೇ ಒಯ್ಯುತ್ತೇನೆ. ಸಭೆಯ ಮುಂದೆ ನಿಂತರೆ ನನ್ನ ನಾಲಿಗೆ ಮತ್ತೆ ಹದಿನೈದು, ಇಪ್ಪತ್ತೈದು ಎಂದೀತು. ಊರಲ್ಲಿ ಎಲ್ಲರ ಮೇಲೂ ಸಂಶಯ ಪಟ್ಟೆ, ಈ ನಾಲಿಗೆಯೊಂದರ ಮೇಲೆ ಪಡಲಿಲ್ಲ. ಆದ್ದರಿಂದ ಬಾಯಿಂದ ಹೇಳುವುದಿಲ್ಲ. ಇಲ್ಲಿ ಬರೆದದ್ದನ್ನು ನೋಡಿಕೊಂಡೇ ಓದುತ್ತೇನೆ —

ಕೃಪಾ ಡಬ್ಬಿ ಮುಟ್ಟಿಲ್ಲ. ತೆಗೆದವನು ನಾನು. ಯಾರೂ ತೆಗೆಸಲಿಲ್ಲ. ನೂರಾ ಅರವತ್ತೆಂಟು ರೂಪಾಯಿ.