ಅಪ್ಪನ ನೈಸ್

ಜೂನ್ 10, ಸೋಮವಾರ

ಎಂದಿನಂತೆ ಅಪ್ಪನಿಗೆ ಸ್ನಾನ, ಗಂಜಿ, ಮಾತ್ರೆ. ಬಲಗೈ ಇನ್ನೂ ಸೋತೇ ಇದೆ. ಸ್ಟ್ರೋಕ್ ಆದ ಮೇಲೆ ಒಂದು ಮಾತಿಲ್ಲ. ಹೈಸ್ಕೂಲಿನಲ್ಲಿ ಜೀವಮಾನವಿಡೀ ಇಂಗ್ಲಿಷ್ ಪಾಠ ಮಾಡಿದ ಬಾಯಿ...

ಮಾತು ಕಲಿಸುವ ಥೆರಪಿಸ್ಟ್ ಇವತ್ತಿನಿಂದ ಮನೆಗೇ ಬರುತ್ತಾಳೆ. ಭಾಗ್ಯಶ್ರೀ. ಬಾಗಲಕೋಟೆಯವಳು, ಜಾಲಹಳ್ಳಿಯಲ್ಲಿ ರೂಮ್. ಚಿಕ್ಕ ವಯಸ್ಸು. ನಾನು ಕುರ್ಚಿ ತಂದು ಹಾಕಿದ್ದೆ. ಅವಳು ನೇರ ಹೋಗಿ ಅಪ್ಪನ ಮಂಚದ ಮೇಲೇ ಕೂತಳು. ಅಪ್ಪ ಜರುಗಿ ಜಾಗ ಬಿಟ್ಟರು!

ಜೂನ್ 14, ಶುಕ್ರವಾರ

ಅಪ್ಪ ಮಾತಾಡಿದರು.

ಅವಳ ಜೊತೆ.

ನಾನು ಅಡುಗೆಮನೆಯಲ್ಲಿದ್ದೆ. ಕನ್ನಡಿ ಹಿಡಿದು 'ಆ', 'ಓ' ಹೇಳಿಸುತ್ತಿದ್ದವಳು ನಡುವೆ ಕೇಳಿದಳು, "ಸರ್, ಇವತ್ತ ಹೊಸಾ ಡ್ರೆಸ್ ಹಾಕ್ಕೊಂಡೀನಿ. ಹ್ಯಾಂಗೈತ್ರಿ?"

"ನೈಸ್."

ಸ್ಪಷ್ಟವಾಗಿ. ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ಅದೇ ದನಿ. ಸೌಟು ಹಿಡಿದೇ ಓಡಿದೆ. "ಅಪ್ಪಾ, ಇನ್ನೊಂದ್ಸಲ ಹೇಳಿ." ನನ್ನ ಮುಖ ನೋಡಿದರು. ಬಾಯಿ ಮುಚ್ಚಿಬಿಟ್ಟರು.

ಸಂತೋಷಪಡಬೇಕಾದ ದಿನ. ಪಟ್ಟೆ... ಸ್ವಲ್ಪ.

ಜೂನ್ 17

ಈಗ ಅದೊಂದೇ ಪದ. ಅವಳು ಬಂದರೆ ನೈಸ್, ಹೊರಟರೆ ನೈಸ್. ಪಕ್ಕದ ಮನೆ ಶಿವರಾಮ್ ಅಂಕಲ್‌ಗೆ ನೈಸ್. ಕೊರಿಯರ್‌ನವನಿಗೂ! ನನಗೆ ಮಾತ್ರ ಇಲ್ಲ. ಬೆಡ್‌ಪ್ಯಾನ್ ತೆಗೆಯುವವಳಿಗೆ ಏನು ನೈಸ್?

ತಮಾಷೆಯೆಂದರೆ, ಆ ಪದ ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ 'ಮೈ ಫಾದರ್ ಈಸ್ ನೈಸ್' ಎಂದು ಬರೆದಿದ್ದೆ. ಕೆಂಪು ಗೆರೆ ಎಳೆದರು. ಕೂರಿಸಿಕೊಂಡು ಪದದ ವಂಶಾವಳಿಯನ್ನೇ ಹೇಳಿದರು. ಹುಟ್ಟಿದ್ದು ಲ್ಯಾಟಿನ್‌ನಲ್ಲಿ — 'ತಿಳಿಯದವನು'. ಫ್ರೆಂಚ್‌ನಲ್ಲಿ ಬೆಳೆದು ಪೆದ್ದನಾಯಿತು. ಇಂಗ್ಲಿಷಿಗೆ ಬಂದಾಗಲೂ ಪೆದ್ದನೇ. ಆಮೇಲೆ ನಾಚುವವನು, ಮಡಿವಂತಿಕೆಯವನು, ಸೂಕ್ಷ್ಮ, ನಾಜೂಕು... ತುಂಬ ತಡವಾಗಿ ಚೆಂದ, ಒಳ್ಳೆಯದು. "ಎಲ್ಲಾ ಅರ್ಥ ಇರೋ ಪದಕ್ಕೆ ಯಾವ ಅರ್ಥಾನೂ ಇರಲ್ಲ ಕಣೇ ಸೌಜನ್ಯ" ಎಂದಿದ್ದರು.

ಅವಳಿಗೆ ಹೇಳುವಾಗ ಯಾವ ಅರ್ಥವೋ.

ಜೂನ್ 21, ಶುಕ್ರವಾರ

ಗೇಟಿನ ಹತ್ತಿರ ಕೇಳಿಯೇಬಿಟ್ಟೆ.

"ಅರ್ಥದ ಸಲುವಾಗಿ ಬಂದಿದ್ದಲ್ರಿ ಅಕ್ಕಾರ" ಎಂದಳು ಭಾಗ್ಯಶ್ರೀ. "ತಲ್ಯಾಗ ಒಂದ ಶಬ್ದ ಸಿಕ್ಕೊಂಡಿರತೈತಿ. ಬಾಯಿ ತೆರದ್ರ ಅದ ಬರತೈತಿ."

"ಹಾಗಾದ್ರೆ ನನ್ ಹತ್ರ ಯಾಕೆ ಬಾಯೇ ತೆಗೆಯಲ್ಲ?"

ಚೀಲ ಹೆಗಲಿಗೇರಿಸಿದಳು. ಆಮೇಲೆ ಮಾತು ಹಗುರ ಮಾಡಲು ನಕ್ಕಳು. "ನಮ್ಮವ್ವಗ ನೈಸ್ ಅಂದ್ರ ಸಣ್ಣಗ ಬೀಸಿದ ಹಿಟ್ಟು ಅಷ್ಟ ನೋಡ್ರಿ."

ನಮ್ಮ ಕಡೆ ಇನ್ನೊಂದು ಅರ್ಥ ಇದೆ. ನೈಸ್ ಮಾಡೋದು — ಬೆಣ್ಣೆ ಹಚ್ಚೋದು. ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

ಜೂನ್ 26

ಅಪ್ಪನಿಗೆಂದು ಕೋಡುಬಳೆ ತಂದಿದ್ದೆ. ಪುಡಿ ಮಾಡಿ ಹಾಲಿಗೆ ಹಾಕಿ ಕೊಟ್ಟರೆ ಬಟ್ಟಲು ತಳ್ಳಿದರು. ಅವಳು ಬಂದಾಗ, ನಡುಗುವ ಎಡಗೈಯಲ್ಲಿ ಡಬ್ಬಿಯಿಂದ ಒಂದು ಎತ್ತಿ ಅವಳ ಕೈಗಿಟ್ಟರು. ನಕ್ಕರು. ಆ ನಗು ನಾನು ನೋಡಿ ಎಷ್ಟು ಕಾಲವಾಯಿತು...

ಮಧ್ಯಾಹ್ನ ಕ್ಲಿನಿಕ್‌ಗೆ ಫೋನ್ ಮಾಡಿದೆ. "ಬೇರೆಯವರನ್ನ ಕಳಿಸಿ. ಭಾಗ್ಯಶ್ರೀ ಅವರ ಭಾಷೆ ನಮ್ಮಪ್ಪನಿಗೆ ಅರ್ಥ ಆಗ್ತಿಲ್ಲ."

ಸುಳ್ಳು. ಕ್ಲಿನಿಕ್‌ನವರು ಏನೂ ವಿಚಾರಿಸಲಿಲ್ಲ.

ಜುಲೈ 8, ಸೋಮವಾರ

ಹೊಸಬನ ಹೆಸರು ಪುನೀತ್. ಒಳ್ಳೆಯ ಹುಡುಗ. ಟ್ಯಾಬ್‌ನಲ್ಲಿ ಚಿತ್ರ ತೋರಿಸುತ್ತಾನೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗುತ್ತಾರೆ.

'ನೈಸ್' ನಿಂತುಹೋಗಿದೆ. ಶಿವರಾಮ್ ಅಂಕಲ್‌ಗೂ ಇಲ್ಲ. ಬೆಳಿಗ್ಗೆ ಗೇಟ್ ಸದ್ದಾದರೆ ಕತ್ತೆತ್ತುತ್ತಾರೆ. ಪುನೀತನನ್ನು ಕಂಡು ಇಳಿಸುತ್ತಾರೆ. ಗಂಜಿಯೂ ಬೇಡ.

ಇದ್ದ ಒಂದು ಪದವನ್ನೂ ಕಿತ್ತುಕೊಂಡೆ.

ಜುಲೈ 11

ಅಪ್ಪನನ್ನು ಅಂಕಲ್‌ಗೆ ಒಪ್ಪಿಸಿ ಜಾಲಹಳ್ಳಿಗೆ ಹೋದೆ. ಭಾಗ್ಯಶ್ರೀ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೂರಿ ಎನ್ನಲಿಲ್ಲ.

"ನಿಮ್ಮ ಭಾಷೆ ಅರ್ಥ ಆಗಲ್ಲ ಅಂತ ಹೇಳಿದ್ದು ಅಪ್ಪ ಅಲ್ಲ. ನಾನು."

"ಗೊತ್ತೈತ್ರಿ. ಕ್ಲಿನಿಕ್‌ನ್ಯಾಗ ಎಲ್ಲಾರ ಮುಂದ ಹೇಳಿದ್ರು. ಬ್ಯಾಸರ ಆತು."

"ಹೊಟ್ಟೆಕಿಚ್ಚು ಕಣ್ರೀ. ಬೇರೇನಿಲ್ಲ. ನಿಮಗಂದ ಹಾಗೆ ನನಗೊಂದ್ಸಲಾನೂ..."

ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ ತೆಗೆದು ಬಟ್ಟೆಗೆ ಸಿಕ್ಕಿಸಿದಳು. "ನಾ ಅವರಿಗೆ ಹೊರಗಿನಾಕಿ ಅಕ್ಕಾರ. ಹೊರಗಿನವರ ಮುಂದ ಎಲ್ಲಾರೂ ಚಂದಂಗ ಇರತಾರ. ನಿಮ್ಮ ಮುಂದ ಮಾತಿಗೆ ತಡವರ್ಸಾಕ ಅವ್ರಿಗೆ ನಾಚಿಕಿ ಇದ್ದೀತು."

ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ.

"ಸೋಮವಾರ ಬರ್ತೀನಿ. ಸರ್ ಸಲುವಾಗಿ. ನಿಮ್ಮ ಸಲುವಾಗಿ ಅಲ್ಲ."

ಜುಲೈ 15, ಸೋಮವಾರ

ಬಂದಳು. ಅಪ್ಪ "ನೈಸ್, ನೈಸ್, ನೈಸ್" ಎನ್ನುತ್ತ ಕಣ್ಣೀರು ಹಾಕಿದರು.

ನಾನು ಅಡುಗೆಮನೆ ಬಿಟ್ಟು ಈಚೆ ಬರಲಿಲ್ಲ. ಹೊಟ್ಟೆಯಲ್ಲಿ ಅದೇ ಉರಿ. ಇಷ್ಟೆಲ್ಲ ಆದ ಮೇಲೂ. ಉರಿಯಲಿ, ಊಟವನ್ನಂತೂ ಮಾಡಿದರು.

ಆಗಸ್ಟ್ 2, ಶುಕ್ರವಾರ, ಮಧ್ಯಾಹ್ನ

ಈಗಲೇ ಬರೆದುಬಿಡುತ್ತೇನೆ.

ಬೇಳೆಸಾರು, ಅನ್ನ ಕಲಸಿ ಬಾಯಿಗಿಟ್ಟೆ. ಅಪ್ಪ ಮುಖ ಕಿವುಚಿದರು. ಥೂ ಎಂದು ಉಗಿದರು. ತಟ್ಟೆಯನ್ನು ಎಡಗೈಯಿಂದ ಗುದ್ದಿದರು.

"ಉ... ಉಪ್ಪು!"

"ಏನಂದ್ರಿ?"

"ಉಪ್ಪಿಲ್ಲ! ಪೆ... ಪೆದ್ದಿ!"

ಮುಖ ಕೆಂಪು. ನೆಲದ ಮೇಲೆಲ್ಲ ಅನ್ನ. ಉಪ್ಪಿನ ಡಬ್ಬಿ ತರಲು ಹೋದವಳು ಅಲ್ಲೇ ಕೂತು ನಕ್ಕೆ, ಅತ್ತೆ, ಯಾವುದು ಮೊದಲೋ. ಆಮೇಲೆ ಭಾಗ್ಯಶ್ರೀಗೆ ಫೋನ್.

"ಖರೇ ಏನ್ರಿ? ಕನ್ನಡದಾಗ?" ಕಿರುಚಿದಳು. ಮತ್ತೆ ಮತ್ತೆ ಹೇಳಿಸಿಕೊಂಡಳು. ಆಮೇಲೆ ದನಿ ತುಸು ಇಳಿಯಿತು. "ನನ್ನ ಮುಂದ ಇನ್ನೂ ಬರೇ ನೈಸ್ ನೋಡ್ರಿ. ಒಮ್ಮೆನೂ ಬೈದಿಲ್ಲ."

"ಬೈತಾರೆ ಬಿಡಿ, ನಿಮಗೂ" ಎಂದೆ.

"ಬೈತಾರಂತೀರಿ?"

ಉತ್ತರ ಹೇಳುವಷ್ಟರಲ್ಲಿ ಒಳಗಿಂದ ಲೋಟ ಬಡಿದ ಸದ್ದು. ಫೋನ್ ಇಟ್ಟು ಹೋಗಿ ನೋಡಿ ಬಂದೆ. ಈಗ ಮತ್ತೆ ಬಡಿಯುತ್ತಿದ್ದಾರೆ. ನೀರೋ, ಮಜ್ಜಿಗೆಯೋ... ಏನೋ ಹೇಳುತ್ತಿದ್ದಾರೆ. ಹೊಸ ಪದ. ಬಂದೆ ಅಪ್ಪಾ, ಬಂ—