ಅರಿವೆ ಒಣಹಾಕುವ ಗಳ

ಗುಡೂರು
ದಿನಾಂಕ ೧೮ ಸೆಪ್ಟೆಂಬರ್ ೨೦೨೪

ಪ್ರೀತಿಯ ತಮ್ಮ ಕಾಶಪ್ಪನಿಗೆ, ಅಕ್ಕ ಗುರುಲಿಂಗವ್ವನ ಮನಸಾರೆ ಆಶೀರ್ವಾದಗಳು.

ಮೊಣಕಾಲು ಈಗ ಹೇಗಿದೆ? ಆಪರೇಶನ್ ಆಗಿ ಮೂರು ತಿಂಗಳಾದರೂ ಕೋಲು ಹಿಡಿದೇ ನಡೆಯುತ್ತೀಯೆಂದು ನಿನ್ನ ಹೆಂಡತಿ ಬಸವೇಶ್ವರಿ ಹೇಳಿದಳು. ಬೆಳಗಾವಿಯ ಥಂಡಿ ಕೀಲಿಗೆ ಒಳ್ಳೆಯದಲ್ಲ, ಕುಸುಬಿ ಎಣ್ಣೆ ಬಿಸಿ ಮಾಡಿ ತಿಕ್ಕಿಸಿಕೋ. ಡಾಕ್ಟರು ಬೇಡ ಎಂದರೆ ಅವರ ಮಾತು ಕೇಳು. ನನ್ನ ಮಾತು ಕೇಳುವ ರೂಢಿಯಂತೂ ನಿನಗೆ ಮೊದಲಿನಿಂದಲೂ ಇಲ್ಲ. ಕೈಯಲ್ಲಿ ಫೋನಿದ್ದೂ ಅಕ್ಕ ಕಾಗದ ಬರೆದಳಲ್ಲ ಎಂದು ನಗಬೇಡ. ಫೋನಿನಲ್ಲಿ ನೀನು ಎರಡು ಸಲ ಹೂಂ ಎಂದು ಮೂರನೆಯದಕ್ಕೆ ಹೆಂಡತಿಯ ಕೈಗೆ ಕೊಡುತ್ತೀ. ಕಾಗದವನ್ನಾದರೆ ಪೂರ್ತಿ ಓದಲೇಬೇಕಾಗುತ್ತದೆ.

ಇಲ್ಲಿ ಎಲ್ಲರೂ ಆರಾಮ. ನನ್ನ ಮಗ ಪ್ರವೀಣಕುಮಾರ ಇಳಕಲ್ಲಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ದಿನಾ ಹೋಗಿಬರುತ್ತಾನೆ. ಈಚೆಗೆ ಅವನಿಗೊಂದು ಹುಚ್ಚು ಹತ್ತಿದೆ. ಮೀನು ಹಿಡಿಯುವ ಕೋಲು ತರಿಸಿದ್ದಾನೆ. ಅದು ಛತ್ರಿಯಂತೆ ಮಡಚಿ ಮೊಳದುದ್ದವಾಗುತ್ತದೆ. ತಿರುಗಿಸಲು ಒಂದು ಗಿರಕಿ, ಕಣ್ಣಿಗೆ ಕಾಣದ ದಾರ, ಎರೆಹುಳದ ಬದಲು ರಬ್ಬರಿನ ಮೀನಮರಿ. ಭಾನುವಾರ ಬೈಕಿನ ಮೇಲೆ ಬಾಗಲಕೋಟೆಗೆ ಹೋಗಿ ಹಿನ್ನೀರಿನ ದಂಡೆಯಲ್ಲಿ ನಿಲ್ಲುತ್ತಾನೆ. ನೀನು ಬೋರ್ಡಿಂಗಿನಲ್ಲಿದ್ದು ಓದಿದ ಓಣಿ ಅದೇ ನೀರಿನಡಿ ಇದೆಯಲ್ಲ, ಮಾಮಾನ ಸಾಲಿ ಮ್ಯಾಲೆ ಗಾಳ ಹಾಕಿ ಬಂದೆ ಎಂದು ನಗುತ್ತಾನೆ. ಸಿಕ್ಕ ಮೀನಿನ ಫೋಟೋ ತೆಗೆದು ಮತ್ತೆ ನೀರಿಗೇ ಬಿಡುತ್ತಾನೆ. ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ. ನಮ್ಮ ಅಜ್ಜನ ಚಾಳಿ ನಮ್ಮಪ್ಪನನ್ನು ಬಿಟ್ಟು ನನ್ನ ಹೊಟ್ಟೆಯಲ್ಲಿ ಬಂದು ಹುಟ್ಟಿದೆ. ಬೈಯಬೇಕೆಂದರೂ ಬಾಯಿ ಬರುವುದಿಲ್ಲ.

ಆ ಕೋಲು ನೋಡಿದಾಗಿನಿಂದ ಅಜ್ಜನ ಗಳವೇ ಕಣ್ಣ ಮುಂದೆ ಬರುತ್ತದೆ. ಅಮಾವಾಸ್ಯೆಯ ಹತ್ತಿರ ಕಡಿದ ಬಿದಿರೇ ಆಗಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ ಎನ್ನುತ್ತಿದ್ದ. ಹಸಿ ಗಳದ ತುದಿಗೆ ಕಲ್ಲು ಕಟ್ಟಿ, ದನದ ಕೊಟ್ಟಿಗೆಯ ತೊಲೆಯಿಂದ ಇಳಿಬಿಟ್ಟು ನೆಟ್ಟಗೆ ಮಾಡುತ್ತಿದ್ದ. ಆಮೇಲೆ ಒಲೆಯ ಮೇಲೆ ತೂಗುಹಾಕಿ ಹೊಗೆ ಕುಡಿಸಿ, ಕುಸುಬಿ ಎಣ್ಣೆ ತಿಕ್ಕುತ್ತಿದ್ದ. ನೀರಲ್ಲಿ ತೇಲುವ ಬೆಂಡಿಗೆ ಜೋಳದ ದಂಟಿನ ತಿರುಳು. ದಾರಕ್ಕೆ ಮಾತ್ರ ಇಳಕಲ್ಲಿಗೇ ಹೋಗಬೇಕು. ಅಲ್ಲಿ ಗೌಸಸಾಬನ ಮಗ್ಗದಲ್ಲಿ ಸೆರಗು ನೇಯ್ದು ಉಳಿದ ಕೆಂಪು ರೇಷ್ಮೆ ಎಳೆಗಳನ್ನು ಬೇಡಿ ತಂದು, ತೊಡೆಯ ಮೇಲೆ ಹೊಸೆದು ಮೇಣ ಹಚ್ಚುತ್ತಿದ್ದ. ಸೀರೆಯ ಸೆರಗಿಗೆ ಸಿಕ್ಕಿಬಿದ್ದ ಮೀನುಗಳು ಈ ಸೀಮೆಯಲ್ಲಿ ಎಲ್ಲಾದರೂ ಇದ್ದರೆ ಅವು ನಮ್ಮ ಹಳ್ಳದವೇ ಇರಬೇಕು. ಹಿಡಿದದ್ದನ್ನು ಅವನೇನು ತಿನ್ನುತ್ತಿದ್ದನೇ? ಮೀನೆಲ್ಲ ದುರಗಪ್ಪನ ಮನೆಯ ಸಾರಿಗೆ ಹೋಗುತ್ತಿತ್ತು. ಸುಮ್ಮನೆ ನೀರು ನೋಡುತ್ತ ಕೂರಲು ಅಜ್ಜನಿಗೊಂದು ನೆಪ ಬೇಕಿತ್ತು, ಅಷ್ಟೇ. ಬಂದುಹೋಗುವವರಿಗೆ ಗುರುತು ಹತ್ತಬಾರದೆಂದು ಗಳವನ್ನು ಪಡಸಾಲೆಯಲ್ಲಿ ಅಡ್ಡ ತೂಗುಬಿಟ್ಟು, ಅರಿವೆ ಒಣಹಾಕುವ ಗಳ ಎನ್ನುತ್ತಿದ್ದ. ಅಜ್ಜಿ ಇರುವ ತನಕ ದಿನಾಲೂ ತನ್ನ ಒದ್ದೆ ಸೀರೆಯನ್ನು ಅದರ ಮೇಲೇ ಹರವಿದಳು. "ನನ್ನ ಸೀರಿ ಇವತ್ತ ಯಾಕೋ ಹಳ್ಳದ ವಾಸನಿ ಬರಾಕತ್ತೈತಿ" ಎಂದು ನಮ್ಮ ಮುಂದೆ ಗಂಭೀರವಾಗಿ ಹೇಳಿ, ಒಳಗೆ ಹೋಗಿ ನಗುತ್ತಿದ್ದಳು. ಆ ಮನೆಯ ಸುಖವೆಲ್ಲ ಆ ಒಂದು ಗಳಕ್ಕೆ ತೂಗಿಕೊಂಡಿತ್ತು ಎಂದು ಈಗ ಅನ್ನಿಸುತ್ತದೆ.

ಅಜ್ಜ ತೀರಿಕೊಂಡಾಗ ನೀನು ಏಳನೆಯ ಇಯತ್ತೆ. ಸುದ್ದಿ ಬಾಗಲಕೋಟೆ ಮುಟ್ಟಿ, ಮಳೆಗೆ ಬಸ್ಸು ನಿಂತು, ನೀನು ಬರುವಷ್ಟರಲ್ಲಿ ಮಣ್ಣು ಮಾಡಿ ಒಂದು ದಿನ ಕಳೆದಿತ್ತು. ಬಂದವನು ಅಳಲಿಲ್ಲ, ನೇರ ಪಡಸಾಲೆಗೆ ಹೋಗಿ ಗಳ ಹುಡುಕಿದೆ. ಗಳ ಇರಲಿಲ್ಲ. ನೀನಿಲ್ಲದ ದಿನಗಳಲ್ಲಿ ಅದನ್ನು ಹೊತ್ತು ಅಜ್ಜನ ಹಿಂದೆ ಹಳ್ಳಕ್ಕೆ ಹೋಗುತ್ತಿದ್ದವನು ನಿನ್ನ ಜೀವದ ಗೆಳೆಯ ದುರಗಪ್ಪ. ಅಗಸಿಯ ಕಟ್ಟೆಯ ಮುಂದೆ, ಹತ್ತು ಮಂದಿ ಹಿರಿಯರು ನೋಡುತ್ತಿರುವಾಗ, ಅವನ ಅಂಗಿ ಹಿಡಿದು ಕಳ್ಳ ಎಂದೆ. "ನಾ ತಗೊಂಡಿಲ್ಲೋ ಕಾಶಾ" ಎಂದು ಒಂದೇ ಸಲ ಹೇಳಿ ಅವನು ಸುಮ್ಮನಾದ. ಇಂದಿಗೆ ಐವತ್ತೊಂದು ವರ್ಷ. ಊರಿಗೆ ಬಂದಾಗಲೆಲ್ಲ ನೀನು ಅವನ ಓಣಿ ತಪ್ಪಿಸಿ ಸುತ್ತುಹಾಕಿ ಹೋಗುತ್ತೀ, ಅವನು ನಮ್ಮವರ ಕಟ್ಟೆ ಹತ್ತುವುದಿಲ್ಲ. ಅದು ಬರೀ ಹುಡುಗರ ಜಗಳವಾಗಿ ಮುಗಿಯಲೂ ಇಲ್ಲ. ಆಮೇಲೆ ಊರಲ್ಲಿ ಕೊಡಲಿ ಕಳೆದರೂ, ಹಗ್ಗ ಕಳೆದರೂ ಮೊದಲು ಅವನ ಮನೆಗೇ ಹೋಗಿ ಕೇಳುತ್ತಿದ್ದರು. ನನ್ನನ್ನು ಇದೇ ಊರಿಗೆ ಕೊಟ್ಟರಲ್ಲ, ಎಲ್ಲ ಕಣ್ಣಾರೆ ಕಂಡಿದ್ದೇನೆ.

ಮೊನ್ನೆ ಸೋಮವಾರ ದುರಗಪ್ಪ ನಮ್ಮ ಬಾಗಿಲಿಗೆ ಬಂದ. ಹೆಗಲ ಮೇಲೆ ಒಂದು ಹೊಸ ಗಳ, ಎರಡು ವರ್ಷ ಹೊಗೆ ಕುಡಿಸಿದ್ದಂತೆ. ಅವನ ಕಣ್ಣು ಮಂಜಾಗಿದೆ. ದಸರೆ ಮುಗಿದ ಮೇಲೆ ಮಗಳು ರೋಹಿಣಿ ಅವನನ್ನು ಕೊಪ್ಪಳಕ್ಕೆ ತನ್ನ ಮನೆಗೇ ಕರೆದುಕೊಂಡು ಹೋಗುತ್ತಾಳೆ. ಅಷ್ಟರೊಳಗೆ ಇದನ್ನು ಕಾಶಪ್ಪನಿಗೆ ಮುಟ್ಟಿಸಿರಿ ಎಂದ. ಪಡಸಾಲೆಯಲ್ಲಿ ಕೂತು ಭಾಳ ಹೊತ್ತು ಮಾತಾಡಿದೆವು. ಪ್ರವೀಣ ಆ ಗಳ ಹಿಡಿದು ಎರಡು ಸಲ ಗಾಳಿಯಲ್ಲಿ ಬೀಸಿ ನೋಡಿದ. ಅವತ್ತು ತನ್ನ ಕೋಲನ್ನು ಬಿಚ್ಚಲೇ ಇಲ್ಲ. ಗಳ ಈಗ ನನ್ನ ಪಡಸಾಲೆಯಲ್ಲಿ ತೂಗುತ್ತಿದೆ. ಅದರ ಮೇಲೆ ನಾನು ಅರಿವೆ ಹಾಕಿಲ್ಲ.

ಬಸವೇಶ್ವರಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಬಸವಣ್ಣ ನಿನ್ನ ಕಾಲಿಗೆ ಬಲ ಕೊಡಲಿ. ಹಳ್ಳದ ದಂಡೆಗೆ ಒಂದು ಕುರ್ಚಿ ಒಯ್ಯಲು ಪ್ರವೀಣನಿಗೆ ಹೇಳಿಟ್ಟಿದ್ದೇನೆ.

ನಿನ್ನ ಅಕ್ಕ,
ಗುರುಲಿಂಗವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯುವುದಿಲ್ಲ. ಒಳಗೆ ಚೀಟಿಯಲ್ಲಿ ಸುತ್ತಿದ ಕೆಂಪು ರೇಷ್ಮೆ ದಾರವಿದೆ, ಗಾಳದ ಸಮೇತ, ಚುಚ್ಚೀತು, ಜೋಪಾನ. ಅಜ್ಜನ ಗಳವನ್ನು ಕೊಟ್ಟವಳು ನಾನು. ಅಜ್ಜನನ್ನು ಮಣ್ಣಿಗೆ ಕುಳ್ಳಿರಿಸಿ ಒಯ್ಯಲು ಬಿದಿರಿನ ವಿಮಾನ ಕಟ್ಟುವಾಗ, ತಂದಿದ್ದ ಬಿದಿರಿನಲ್ಲಿ ಒಂದು ಸೀಳಿತ್ತು. ಹೊತ್ತು ಇಳಿಯುತ್ತಿತ್ತು, ಒಂದು ಗಳ ತಾ ಎಂದು ಅಪ್ಪ ಕೂಗಿದ. ನಾನು ಕೊಟ್ಟಿಗೆಯಲ್ಲಿ ದಾರ ಬಿಚ್ಚಿಟ್ಟುಕೊಂಡು, ಅರಿವೆ ಒಣಹಾಕುವ ಗಳ ಎಂದು ಅದನ್ನೇ ಕೊಟ್ಟೆ. ಲಿಂಗವಂತನನ್ನು ಮೀನಿನ ಗಳದ ಮೇಲೆ ಒಯ್ದರು ಎಂದು ತಿಳಿದರೆ ಊರು ಏನಂದೀತು ಎಂಬ ಅಂಜಿಕೆ, ಅದೇ ತಿಂಗಳು ನನ್ನ ಮದುವೆಯ ನಿಶ್ಚಯ ಬೇರೆ. ಬಾಯಿ ಬಿಡಲಿಲ್ಲ, ದುರಗಪ್ಪನನ್ನು ಕಳ್ಳನನ್ನಾಗಿ ಮಾಡಿಬಿಟ್ಟೆ. ಸೋಮವಾರ ಅವನ ಮುಂದೆ ಎಲ್ಲ ಹೇಳಿ ಅತ್ತೆ. ಅವನು ಅಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ನನಗ ಅವತ್ತೇ ಗೊತ್ತಾಗಿತ್ರಿ ಅಕ್ಕಾರ. ವಿಮಾನ ಹೊತ್ಕೊಂಡು ಹೊಂಟಾಗ ಗೆಣ್ಣು ನೋಡೇ ಗುರ್ತ ಹಿಡಿದೆ. ಹೇಳಿದ್ರ ಅಜ್ಜಾರ ಹೆಸರು ಕೆಡ್ತಿತ್ತು. ತಮ್ಮ ಗಳದ ಮ್ಯಾಲೇ ಹೋದ್ರಲ್ಲ, ಇನ್ನೇನ ಬೇಕು ಅಂತ ಸುಮ್ನಾದೆ." ಹೊಸ ಗಳಕ್ಕೆ ಅವನು ದಾರ ಕಟ್ಟಿಲ್ಲ. ದಾರ ಈಗ ನಿನ್ನ ಕೈಯಲ್ಲಿದೆ. ದಸರೆಯೊಳಗೆ ಬಾ.